ನೆತ್ತಿಯ ಮೇಲಿಂದ ಬಂದ ಗಾಮಾ ಕಿರಣ

2022ರ ಅಕ್ಟೋಬರ್ 9, ಭಾನುವಾರ, ಸೀಗೆ ಹುಣ್ಣಿಮೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಇದನ್ನೇ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಹೊಲ ತೋಟಗಳಲ್ಲಿ ಪೂಜೆ ಮಾಡಿ ಚರಗ ಚೆಲ್ಲುವ ದಿನ ಅದು. ಅಂದು ಸಂಜೆ 6 ಗಂಟೆ 47 ನಿಮಿಷಕ್ಕೆ ಗಾಮಾ ಕಿರಣಗಳ ಮಳೆಯೊಂದು ಭೂಮಿಗೆ ಬಡಿಯತೊಡಗಿತು. ಮೂರ್ನಾಲ್ಕು ನಿಮಿಷದಲ್ಲಿ ಅದರ ಅಬ್ಬರ ಎಷ್ಟಾಯಿತೆಂದರೆ ಉಪಗ್ರಹಗಳ ಉಪಕರಣಗಳು ಎಣಿಕೆ ತಪ್ಪಿದವು. ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ನಡುವಿನಿಂದ ಬಂದ ಈ ಸ್ಫೋಟದ ಹೆಸರು ಜಿಆರ್‌ಬಿ 221009ಎ. ಆ ಹೊತ್ತಿಗೆ ಆ ಜಾಗ ದಾವಣಗೆರೆ ಜಿಲ್ಲೆಯವರ ನೆತ್ತಿಯಿಂದ ಎಂಟು ಡಿಗ್ರಿಯಷ್ಟು ಮಾತ್ರ ಸರಿದಿತ್ತು. ಇದುವರೆಗೆ ದಾಖಲಾದ ಗಾಮಾ ಕಿರಣ ಸ್ಫೋಟಗಳಲ್ಲೆಲ್ಲ ಇದೇ ಅತ್ಯಂತ ಪ್ರಖರ. ಇಷ್ಟು ಪ್ರಖರವಾದದ್ದು 10,000 ವರ್ಷಕ್ಕೊಮ್ಮೆ ಬಂದರೆ ಬಂತು ಎಂದು ಲೆಕ್ಕ ಹಾಕಿದ್ದಾರೆ.

ಕೆಳಗಿದ್ದ ಯಾರಿಗೂ ಏನೂ ಗೊತ್ತಾಗಲಿಲ್ಲ. ಗಾಮಾ ಕಿರಣಗಳನ್ನು ವಾತಾವರಣ ಮೇಲೆಯೇ ತಡೆದುಬಿಡುತ್ತದೆ. ಆದರೆ ಆ ತಡೆಯುವಿಕೆಯೇ ಒಂದು ಗುರುತು ಬಿಟ್ಟಿತು. ಅಯಾನುಗೋಳ ಕದಡಿ, ಅದರ ಕೆಳಪದರಕ್ಕೆ ತಾಗಿ ಸಾಗುವ ರೇಡಿಯೊ ಅಲೆಗಳಲ್ಲಿ ಏರುಪೇರು ಕಂಡಿತು. ಆ ಬೆಳಕು ಹೊರಟು ಸುಮಾರು 190 ಕೋಟಿ ವರ್ಷಗಳಾಗಿದ್ದವು. ಅದು ಹೊರಡುವಾಗ ಹೊನ್ನಾಳಿ ಸುತ್ತಲಿನ ನೈಸ್ ಬಂಡೆಗಳಿಗೆ ಆಗಲೇ ನೂರು ಕೋಟಿ ವರ್ಷ ಮೀರಿತ್ತು.

ಇಂಥ ಸ್ಫೋಟ ಮೊದಲು ಸಿಕ್ಕಿದ್ದು 1967ರ ಜುಲೈ 2ರಂದು. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು ಅದನ್ನು ಹಿಡಿದವು. ಹೊರಜಗತ್ತಿಗೆ ತಿಳಿದದ್ದು 1973ರಲ್ಲಿ. ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಉರಿಯುವವು ಸಾಮಾನ್ಯವಾಗಿ ಭಾರೀ ನಕ್ಷತ್ರ ಕುಸಿದು ಕಪ್ಪುಕುಳಿಯಾಗುವಾಗ ಹುಟ್ಟುತ್ತವೆ. ಅದಕ್ಕಿಂತ ಕಿರಿದಾದವು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ. 2017ರ ಆಗಸ್ಟ್ 17ರ ಡಿಕ್ಕಿಯಲ್ಲಿ ಗುರುತ್ವ ಅಲೆ ಬಂದ 1.7 ಸೆಕೆಂಡಿಗೆ ಗಾಮಾ ಕಿರಣ ಬಂತು. ಹಿಂದೆಯೇ ಭಾರವಾದ ಧಾತುಗಳು ಹುಟ್ಟಿದ ಕುರುಹೂ ಸಿಕ್ಕಿತು. ಹೊನ್ನಾಳಿ ಕಡೆಯ ಕುದುರೆಕೊಂಡ, ಪಾಲವನಹಳ್ಳಿಯ ಬಿಳಿಕಲ್ಲಿನ ಗೆರೆಗಳಲ್ಲಿ ಹಿಂದೆ ಜನ ಹುಡುಕಿ ತೆಗೆದ ಚಿನ್ನದ ಒಂದು ಪಾಲಾದರೂ ಸೌರಮಂಡಲಕ್ಕೂ ಮೊದಲು ನಡೆದ ಇಂಥ ಡಿಕ್ಕಿಗಳಲ್ಲಿ ಹುಟ್ಟಿದ್ದಿರಬೇಕು. 221009ಎ ಜಾಗದಲ್ಲೂ ಜೇಮ್ಸ್ ವೆಬ್ ದೂರದರ್ಶಕದಿಂದ ಅದೇ ಕುರುಹಿಗಾಗಿ ಹುಡುಕಿದರು. ಸಿಡಿದ ನಕ್ಷತ್ರ ಕಂಡಿತು, ಭಾರಧಾತುಗಳ ಕುರುಹು ಕಾಣಲಿಲ್ಲ.

ಸ್ಫೋಟಕ್ಕೆ ಕಾರಣ ತಿಳಿಯಿತು, ಸರಿ. ಆದರೆ ಅಲ್ಲಿ ಗಾಮಾ ಕಿರಣ ತಯಾರಾಗುವುದು ಹೇಗೆ? ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಈ ಪ್ರಶ್ನೆ.

ಕೆಲವು ಸ್ಫೋಟಗಳ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಏರಿಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು 300 ಕಿಲೋಮೀಟರ್. ಹಾಗಾಗಿ ಮೂಲದ ಅಗಲ ಅದಕ್ಕಿಂತ ಹೆಚ್ಚಿರಬಾರದು. ಜಗಳೂರಿನಿಂದ ಬೆಂಗಳೂರಿಗೆ ಇರುವ ದಾರಿಗಿಂತ ತುಸು ಹೆಚ್ಚು, ಅಷ್ಟೇ. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟೊಂದು ಗಾಮಾ ಫೋಟಾನುಗಳನ್ನು ತುಂಬಿದರೆ ಅವು ಒಂದಕ್ಕೊಂದು ಬಡಿದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗಿ ಬಿಡುತ್ತವೆ, ಹೊರಗೆ ಬರುವುದೇ ಇಲ್ಲ. ಆದರೂ ಬರುತ್ತಿವೆ. ಇದಕ್ಕೆ ಸಿಕ್ಕ ಉತ್ತರ ವೇಗ. ಕಪ್ಪುಕುಳಿಯಿಂದ ಚಿಮ್ಮಿದ ಧಾರೆ ಬೆಳಕಿನ ವೇಗದ ಶೇ 99.99ಕ್ಕೂ ಮೀರಿ ನಮ್ಮತ್ತ ಧಾವಿಸುತ್ತಿರುತ್ತದೆ. ಹಾಗೆ ಧಾವಿಸುವುದರಿಂದ ಫೋಟಾನಿನ ಶಕ್ತಿ ನಮಗೆ ನೂರಾರು ಪಟ್ಟು ಹಿಗ್ಗಿ ಕಾಣುತ್ತದೆ, ಕಾಲ ಕುಗ್ಗಿ ಕಾಣುತ್ತದೆ. ಧಾರೆಯೊಳಗೆ ಅವು ಬರೀ ಎಕ್ಸ್-ಕಿರಣಗಳು. ಜೋಡಿ ಹುಟ್ಟಿಸುವಷ್ಟು ಕಸುವು ಅವಕ್ಕಿಲ್ಲ. ಮೂಲವೂ ಅಷ್ಟು ಚಿಕ್ಕದಲ್ಲ.

ಈ ಧಾರೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಹಿಂದಿನಿಂದ ಹೊರಟ ವೇಗದ ಪದರ ಮುಂದಿನ ನಿಧಾನದ ಪದರಕ್ಕೆ ಹೋಗಿ ಗುದ್ದುತ್ತದೆ. ಆ ಆಘಾತದಲ್ಲಿ ಎಲೆಕ್ಟ್ರಾನುಗಳು ವಿಪರೀತ ವೇಗ ಪಡೆದು, ಕಾಂತಕ್ಷೇತ್ರದ ಗೆರೆಗಳ ಸುತ್ತ ಸುತ್ತುತ್ತ ವಿಕಿರಣ ಹೊಮ್ಮಿಸುತ್ತವೆ. ಇದಕ್ಕೆ ಸಿಂಕ್ರೋಟ್ರಾನ್ ವಿಕಿರಣ ಎನ್ನುತ್ತಾರೆ. ಸ್ಫೋಟದ ಧಾರೆ ಮುಂದೆ ಹೋಗಿ ಸುತ್ತಲಿನ ಅನಿಲಕ್ಕೆ ಗುದ್ದಿದಾಗ ದಿನಗಟ್ಟಲೆ ಉಳಿಯುವ ಹಿಂಬೆಳಕು ಹೀಗೆಯೇ ಹುಟ್ಟುತ್ತದೆ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಇಂಥ ಹಿಂಬೆಳಕುಗಳನ್ನು ಹಿಂಬಾಲಿಸಿದ ದೂರದರ್ಶಕಗಳಲ್ಲಿ ಅದೂ ಒಂದು.

ತಕರಾರಿರುವುದು ಮೊದಲ ಕೆಲವು ಸೆಕೆಂಡುಗಳ ಬಗ್ಗೆ. ಸಿಂಕ್ರೋಟ್ರಾನ್ ವಿಕಿರಣದ ವರ್ಣಪಟಲ ಕಡಿಮೆ ಶಕ್ತಿಯ ಕಡೆಗೆ ಒಂದು ಮಿತಿಗಿಂತ ಕಡಿದಾಗಿ ಇಳಿಯಲಾರದು. ಹಲವು ಸ್ಫೋಟಗಳು ಆ ಮಿತಿಯನ್ನೇ ದಾಟುತ್ತವೆ. ಹಾಗಾಗಿ ಇನ್ನೊಂದು ವಾದ ಎದ್ದಿತು: ಧಾರೆ ಮೊದಲು ಮಂಜಿನಂತೆ ಅಪಾರದರ್ಶಕ, ಹಿಗ್ಗುತ್ತಾ ತಿಳಿಯಾಗುವ ಕ್ಷಣದಲ್ಲಿ ಒಳಗೆ ಸಿಕ್ಕಿಬಿದ್ದಿದ್ದ ಬೆಳಕು ಬಿಡುಗಡೆಯಾಗುತ್ತದೆ. ಮೂರನೆಯ ವಾದದಲ್ಲಿ, ಕಾಂತಗೆರೆಗಳೇ ತುಂಡಾಗಿ ಮತ್ತೆ ಬೆಸೆದುಕೊಂಡು ಎಲೆಕ್ಟ್ರಾನುಗಳಿಗೆ ಶಕ್ತಿ ಕೊಡುತ್ತವೆ.

ವರ್ಣಪಟಲ ಒಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಬೆಳಕಿನ ಅಲೆ ಯಾವ ದಿಕ್ಕಿಗೆ ಅಲುಗುತ್ತಿದೆ ಎಂದು ನೋಡಬೇಕು. ಅಚ್ಚುಕಟ್ಟಾದ ಕಾಂತಕ್ಷೇತ್ರದಲ್ಲಿ ಹುಟ್ಟಿದ ಸಿಂಕ್ರೋಟ್ರಾನ್ ಅಲೆಗಳು ಬಹುಪಾಲು ಒಂದೇ ದಿಕ್ಕಿಗೆ ಅಲುಗುತ್ತವೆ, ಅಂದರೆ ಧ್ರುವೀಕರಣ ಹೆಚ್ಚು. ಮಂಜು ತಿಳಿಯಾಗಿ ಬಂದ ಬೆಳಕಿನಲ್ಲಿ ಸಾಮಾನ್ಯವಾಗಿ ಅದು ಕಡಿಮೆ. ಇದನ್ನು ಅಳೆಯುವ ಕೆಲಸದಲ್ಲಿ ಇಸ್ರೊದ ಆಸ್ಟ್ರೊಸ್ಯಾಟ್ ಮುಂದಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಈ ಉಪಗ್ರಹದಲ್ಲಿ ಸಿಝಡ್‌ಟಿಐ ಎಂಬ ಉಪಕರಣವಿದೆ. ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್ ಹರಳಿನ 64 ಫಲಕಗಳು, ಫಲಕಕ್ಕೆ 256ರಂತೆ ಒಟ್ಟು 16,384 ಚೌಕಗಳು. ಒಂದೊಂದೂ ಸುಮಾರು ಎರಡೂವರೆ ಮಿಲಿಮೀಟರ್ ಅಗಲ. ಗಾಮಾ ಫೋಟಾನೊಂದು ಒಂದು ಚೌಕದ ಎಲೆಕ್ಟ್ರಾನಿಗೆ ಬಡಿದು, ಕೊಂಚ ಶಕ್ತಿ ಕಳೆದುಕೊಂಡು, ಪಕ್ಕದ ಚೌಕಕ್ಕೆ ಸಿಡಿಯುತ್ತದೆ. ಎರಡು ಚೌಕಗಳೂ ಒಟ್ಟಿಗೇ ಮಿಡಿಯುತ್ತವೆ. ಅಲೆ ಅಲುಗುವ ದಿಕ್ಕಿಗೆ ಅಡ್ಡಲಾಗಿ ಸಿಡಿಯುವುದು ಹೆಚ್ಚು. ಹೀಗೆ ಯಾವ ಕಡೆಯ ನೆರೆಚೌಕ ಎಷ್ಟು ಸಲ ಮಿಡಿಯಿತು ಎಂದು ಎಣಿಸಿದರೆ ಧ್ರುವೀಕರಣ ಸಿಗುತ್ತದೆ. 2015ರ ಅಕ್ಟೋಬರ್ 6ರಂದು ಉಪಕರಣ ಚಾಲೂ ಆದ ದಿನವೇ ಅದಕ್ಕೆ ಮೊದಲ ಸ್ಫೋಟ ಸಿಕ್ಕಿತು.

ಮೊದಲ ಐದು ವರ್ಷದ 20 ಪ್ರಖರ ಸ್ಫೋಟಗಳನ್ನು ಅಳೆದಾಗ ಸುಮಾರು ಕಾಲು ಭಾಗದಲ್ಲಿ ಮಾತ್ರ ಹೆಚ್ಚು ಧ್ರುವೀಕರಣ ಕಂಡಿತು. ಹಾಗಾದರೆ ಸಿಂಕ್ರೋಟ್ರಾನ್ ವಾದ ಬಿದ್ದುಹೋಯಿತೇ? ಇಲ್ಲ. 2016ರ ಆಗಸ್ಟ್ 21ರ ಸ್ಫೋಟವನ್ನು ಕಾಲದ ತುಣುಕುಗಳಾಗಿ ಬಿಡಿಸಿ ನೋಡಿದಾಗ ಪ್ರತಿ ತುಣುಕಿನಲ್ಲೂ ಧ್ರುವೀಕರಣ ಜೋರಾಗಿಯೇ ಇತ್ತು, ಆದರೆ ದಿಕ್ಕು ನಡುನಡುವೆ ಹೊರಳುತ್ತಿತ್ತು. ಎಲ್ಲ ಕೂಡಿಸಿದರೆ ಒಂದನ್ನೊಂದು ಅಳಿಸಿ ಕಡಿಮೆ ಕಾಣುತ್ತದೆ. ಒಂದು ಸ್ಫೋಟವನ್ನು ಹೀಗೆ ತುಣುಕು ಮಾಡಬೇಕಾದರೆ ಒಂದೊಂದು ತುಣುಕಿನಲ್ಲೂ ಸಾಕಷ್ಟು ಫೋಟಾನು ಇರಬೇಕು. ಈಗಿನ ಉಪಕರಣಕ್ಕೆ ಅಷ್ಟು ದಕ್ಕುವುದು ತೀರಾ ಪ್ರಖರವಾದವುಗಳಲ್ಲಿ ಮಾತ್ರ. ಐಐಟಿ ಬಾಂಬೆಯ ಮುಂದಾಳತ್ವದಲ್ಲಿ ಎರಡು ಉಪಗ್ರಹಗಳ ‘ದಕ್ಷ’ ಯೋಜನೆಯನ್ನು ಮುಂದಿಟ್ಟಿರುವುದಕ್ಕೆ ಇದೂ ಒಂದು ಕಾರಣ.