ಇಂಗ್ಲಿಷ್ ಮೈದಾನಕ್ಕೆ ಪರವಾನಗಿ: ಒಂದು ನಿಯಮದ ತೊಂಬತ್ತು ವರ್ಷ

ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದು ಹೊರದೇಶದ ಆಟಗಾರನನ್ನು ಸೇರಿಸಿಕೊಳ್ಳಬೇಕಾದರೆ ಅವನ ಹಳೆಯ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ತೆತ್ತು, ಅವನೊಡನೆ ಕರಾರು ಮಾಡಿಕೊಂಡರಷ್ಟೇ ಸಾಲದು. ಅವನು ಆ ನೆಲದಲ್ಲಿ ದುಡಿಯಲು ಬ್ರಿಟಿಷ್ ಸರ್ಕಾರದ ಅನುಮತಿಯೂ ಬೇಕು. ಕ್ರೀಡಾಪುಟಗಳಲ್ಲಿ ಇಂದಿಗೂ ವರ್ಕ್ ಪರ್ಮಿಟ್ ಎಂದೇ ಕರೆಯಲಾಗುವ ಈ ಪರವಾನಗಿ ಮೇಲ್ನೋಟಕ್ಕೆ ವಲಸೆ ಕಾನೂನಿನ ಸಣ್ಣದೊಂದು ಕಲಮಿನಂತೆ ಕಂಡರೂ, ಅದರ ಷರತ್ತುಗಳನ್ನು ರೂಪಿಸುವುದರಲ್ಲಿ ಸರ್ಕಾರಿ ಅಧಿಕಾರಿಗಳಷ್ಟೇ ಆಟದ ಆಡಳಿತ ಸಂಸ್ಥೆಗಳು, ಕ್ಲಬ್‌ಗಳ ಒಕ್ಕೂಟ ಮತ್ತು ಆಟಗಾರರ ಸಂಘ ಕೈಯಾಡಿಸಿವೆ. ‘ಈ ಆಟಗಾರ ನಮಗೆ ಬೇಕಾದಷ್ಟು ಉತ್ತಮನೇ’ ಎಂಬ ಪ್ರಶ್ನೆಗೆ ಅವು ಕಂಡುಕೊಂಡ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆ: ಮೊದಲು ಅವನು ಹುಟ್ಟಿದ ನೆಲವನ್ನು ನೋಡಲಾಯಿತು, ಆಮೇಲೆ ಅವನ ದೇಶದ ತಂಡದ ಸ್ಥಾನವನ್ನು, ಈಗ ಅವನು ಆಡುತ್ತಿರುವ ಲೀಗಿನ ದರ್ಜೆಯನ್ನು.

ನಿವಾಸದ ಎರಡು ವರ್ಷ

ಮೊದಲ ಮಹಾಯುದ್ಧದ ತರುವಾಯ ಬ್ರಿಟನ್ 1919ರ ಕಾಯ್ದೆ ಮತ್ತು 1920ರ ಪರದೇಶೀಯರ ಆದೇಶದ ಮೂಲಕ, ಬ್ರಿಟಿಷ್ ಪ್ರಜೆಯಲ್ಲದವನನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕ ಮುಂಚಿತವಾಗಿ ಕಾರ್ಮಿಕ ಸಚಿವಾಲಯದ ಪರವಾನಗಿ ಪಡೆಯಬೇಕೆಂದು ವಿಧಿಸಿತ್ತು. ಕಾರ್ಖಾನೆ, ಹೋಟೆಲು, ರಂಗಭೂಮಿಗಳಿಗೆ ಅನ್ವಯವಾಗುತ್ತಿದ್ದ ಈ ಕಟ್ಟಳೆ ಫುಟ್‌ಬಾಲ್‌ಗೂ ಅನ್ವಯಿಸುತ್ತದೆಂಬುದು ಎಲ್ಲರ ಅರಿವಿಗೆ ಬಂದದ್ದು 1930ರಲ್ಲಿ, ಆರ್ಸೆನಲ್ ಕ್ಲಬ್ಬಿನ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಆಸ್ಟ್ರಿಯಾದ ಹೆಸರಾಂತ ಗೋಲ್‌ಕೀಪರ್ ರೂಡಿ ಹಿಡೆನ್‌ನನ್ನು ಕರೆತರಲು ಹೊರಟಾಗ. ಫುಟ್‌ಬಾಲ್ ಲೀಗ್ ಮತ್ತು ಆಟಗಾರರ ಸಂಘ ಒಟ್ಟಾಗಿ ವಿರೋಧಿಸಿದವು. ಸಚಿವಾಲಯ ಹಿಡೆನ್‌ಗೆ ಪ್ರವೇಶ ನಿರಾಕರಿಸಿತು. ಚಾಪ್‌ಮನ್ ಅದೇ ವರ್ಷ ನೆದರ್ಲೆಂಡ್ಸ್‌ನ ಗೆರಿಟ್ ಕೈಜರ್ ಎಂಬ ಗೋಲ್‌ಕೀಪರನನ್ನು ಹವ್ಯಾಸಿಯಾಗಿ, ಅಂದರೆ ಸಂಬಳವಿಲ್ಲದೆ ಆಡುವವನಾಗಿ, ಕಣಕ್ಕಿಳಿಸಿದ. ಸಂಬಳವೇ ಇಲ್ಲದ ಮೇಲೆ ಉದ್ಯೋಗವೂ ಇಲ್ಲ, ಪರವಾನಗಿಯ ಪ್ರಶ್ನೆಯೂ ಇಲ್ಲ.

ಇದರ ಬೆನ್ನಲ್ಲೇ ವಿದೇಶೀಯರಿಗೆ ಬಾಗಿಲು ಬಿಗಿದದ್ದು ಸರ್ಕಾರವಲ್ಲ, ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ. ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಲ್ಲದ ವೃತ್ತಿಪರ ಆಟಗಾರ ತನ್ನ ವ್ಯಾಪ್ತಿಯ ಸ್ಪರ್ಧೆಗಳಲ್ಲಿ ಆಡಬೇಕಾದರೆ ಎರಡು ವರ್ಷ ಅಲ್ಲಿ ನೆಲೆಸಿರಬೇಕೆಂದು ಅದು 1931ರಲ್ಲಿ ನಿಯಮ ಮಾಡಿತು. ಎರಡು ವರ್ಷ ಆಟದಿಂದ ಒಂದು ಪೌಂಡನ್ನೂ ಗಳಿಸದೆ ಕಾದು ಕುಳಿತುಕೊಳ್ಳುವ ಆಟಗಾರನಾಗಲಿ, ಅಂಥವನಿಗಾಗಿ ಕಾಯುವ ಕ್ಲಬ್ಬಾಗಲಿ ಇರುವುದು ದುರ್ಲಭವಾದ್ದರಿಂದ, ನಿಷೇಧವೆಂಬ ಹೆಸರಿಲ್ಲದಿದ್ದರೂ ಅದು ನಿಷೇಧವೇ ಆಗಿತ್ತು. ಅದರ ಹಿಂದೆ ಪರಕೀಯರ ಬಗೆಗಿನ ಅಸಹನೆಯಷ್ಟೇ ಅಲ್ಲದೆ ಹೊಟ್ಟೆಪಾಡಿನ ಲೆಕ್ಕಾಚಾರವೂ ಇತ್ತು. ಆ ಕಾಲದಲ್ಲಿ ಇಂಗ್ಲಿಷ್ ಆಟಗಾರನ ಗರಿಷ್ಠ ವೇತನ ವಾರಕ್ಕೆ 8 ಪೌಂಡ್ ಎಂದು ಲೀಗ್ ಮಿತಿ ಹಾಕಿತ್ತು, ಇಷ್ಟಬಂದ ಕ್ಲಬ್ಬಿಗೆ ಹೋಗುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಹೀಗೆ ಎರಡೂ ಕಡೆ ಕಟ್ಟಿಹಾಕಲ್ಪಟ್ಟಿದ್ದ ಆಟಗಾರರಿಗೆ ತಂಡದಲ್ಲಿನ ಸ್ಥಾನವೊಂದೇ ಭದ್ರತೆಯಾಗಿತ್ತು. ಈ ನಿಯಮದಡಿಯೂ ಪ್ರಸಿದ್ಧರಾದ ವಿದೇಶೀಯರು ಬೆರಳೆಣಿಕೆಯವರು. ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಜರ್ಮನಿಯ ಯುದ್ಧಕೈದಿಯಾಗಿ ಬಂದು, ಬಿಡುಗಡೆಯ ನಂತರವೂ ಅಲ್ಲೇ ಉಳಿದದ್ದರಿಂದ 1949ರಲ್ಲಿ ಆ ಕ್ಲಬ್ಬನ್ನು ಸೇರಲು ಸಾಧ್ಯವಾಯಿತು.

ಸಾಮ್ರಾಜ್ಯದ ಪ್ರಜೆಗಳ ಮಾತು ಬೇರೆಯಿತ್ತು. ದಕ್ಷಿಣ ಆಫ್ರಿಕಾದಿಂದ ಲಿವರ್‌ಪೂಲ್, ಚಾರ್ಲ್ಟನ್ ಮೊದಲಾದ ಕ್ಲಬ್ಬುಗಳಿಗೆ ಆಟಗಾರರು ಸರಾಗವಾಗಿ ಬರುತ್ತಿದ್ದರು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಮೊಹಮ್ಮದ್ ಸಲೀಂ 1936ರಲ್ಲಿ ಸ್ಕಾಟ್‌ಲೆಂಡಿನ ಸೆಲ್ಟಿಕ್ ಪರವಾಗಿ ಬರಿಗಾಲಲ್ಲಿ ಆಡಿದಾಗ ಅವರೂ ಕಾನೂನಿನ ಕಣ್ಣಿನಲ್ಲಿ ಬ್ರಿಟಿಷ್ ಪ್ರಜೆಯೇ ಆಗಿದ್ದರು. ಪರದೇಶೀಯರ ಆದೇಶ ಅವರನ್ನು ಮುಟ್ಟುವಂತಿರಲಿಲ್ಲ. ಗುಲಾಮ ದೇಶದ ಆಟಗಾರನಿಗೆ ತೆರೆದಿದ್ದ ಈ ಬಾಗಿಲು ಕಾಮನ್‌ವೆಲ್ತ್ ನಾಗರಿಕರ ವಲಸೆಯನ್ನು ನಿರ್ಬಂಧಿಸಿದ 1962 ಮತ್ತು 1971ರ ಕಾಯ್ದೆಗಳಿಂದಾಗಿ ಸ್ವತಂತ್ರ ದೇಶದ ಆಟಗಾರನಿಗೆ ಮುಚ್ಚುತ್ತ ಹೋಯಿತು.

1978ರ ತಿರುವು

ಬ್ರಿಟನ್ 1973ರಲ್ಲಿ ಐರೋಪ್ಯ ಸಮುದಾಯವನ್ನು ಸೇರಿದ ಮೇಲೆ 1931ರ ನಿಯಮಕ್ಕೆ ಕಾನೂನಿನ ಆಧಾರ ಕುಸಿಯಿತು. ಸಮುದಾಯದ ಮೂಲ ಒಪ್ಪಂದ ಒಂದು ಸದಸ್ಯ ದೇಶದ ಕೆಲಸಗಾರನಿಗೆ ಇನ್ನೊಂದರಲ್ಲಿ ದುಡಿಯುವ ಹಕ್ಕು ಕೊಟ್ಟಿತ್ತು. ಸಂಬಳಕ್ಕಾಗಿ ಆಡುವ ಫುಟ್‌ಬಾಲಿಗನೂ ಕೆಲಸಗಾರನೇ ಎಂದು ಐರೋಪ್ಯ ನ್ಯಾಯಾಲಯ 1976ರಲ್ಲಿ ಇಟಲಿಯ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಒತ್ತಡಕ್ಕೆ ಮಣಿದ ಇಂಗ್ಲಿಷ್ ಫುಟ್‌ಬಾಲ್ 1978ರಲ್ಲಿ ನಿರ್ಬಂಧವನ್ನು ಸಡಿಲಿಸಿತು. ವಿಚಿತ್ರವೆಂದರೆ ಯೂರೋಪಿನ ಕಾನೂನು ತೆರೆದ ಈ ಬಾಗಿಲಿನಿಂದ ಮೊದಲು ಒಳಬಂದು ಸದ್ದು ಮಾಡಿದವರು ಯೂರೋಪಿನವರಲ್ಲ. ಆ ವರ್ಷದ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದ ಒಸ್ವಾಲ್ಡೊ ಆರ್ಡಿಲೆಸ್ ಮತ್ತು ರಿಕಾರ್ಡೊ ವಿಲ್ಲಾ ಜುಲೈನಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಸೇರಿದರು. ಐರೋಪ್ಯ ಸಮುದಾಯದ ಹೊರಗಿನವರಾದ್ದರಿಂದ ಅವರಿಗೆ ಸರ್ಕಾರದ ಪರವಾನಗಿ ಬೇಕಾಗಿತ್ತು. ಇಲ್ಲಿಂದ ಮುಂದೆ ಅಳತೆಗೋಲು ಬದಲಾಯಿತು: ಎಷ್ಟು ಕಾಲ ನೆಲೆಸಿದ್ದಾನೆ ಎಂಬುದರ ಜಾಗದಲ್ಲಿ, ಅಂತರರಾಷ್ಟ್ರೀಯ ಆಟಗಾರನಾಗಿ ಹೆಸರು ಮಾಡಿದ್ದಾನೆಯೇ, ಇಲ್ಲಿಯ ಆಟಕ್ಕೆ ವಿಶಿಷ್ಟ ಕೊಡುಗೆ ನೀಡಬಲ್ಲನೇ ಎಂಬ ಪ್ರಶ್ನೆಗಳು ಬಂದವು.

1995ರ ಡಿಸೆಂಬರ್ 15ರಂದು ಐರೋಪ್ಯ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬಾಸ್ಮನ್ ಪ್ರಕರಣದಲ್ಲಿ ನೀಡಿದ ತೀರ್ಪು, ಐರೋಪ್ಯ ಒಕ್ಕೂಟದ (ಹಿಂದಿನ ಐರೋಪ್ಯ ಸಮುದಾಯದ) ದೇಶಗಳ ಆಟಗಾರರ ಮೇಲೆ ಸಂಖ್ಯಾಮಿತಿ ಹೇರುವುದು ಕಾನೂನುಬಾಹಿರವೆಂದು ಸಾರಿತು. ನಾಲ್ಕೇ ವರ್ಷಗಳಲ್ಲಿ, 1999ರ ಡಿಸೆಂಬರ್ 26ರಂದು, ಚೆಲ್ಸಿ ಒಬ್ಬ ಬ್ರಿಟಿಷನೂ ಇಲ್ಲದ ಹನ್ನೊಂದು ಮಂದಿಯೊಡನೆ ಪಂದ್ಯ ಆರಂಭಿಸಿತು. ಒಕ್ಕೂಟದವರನ್ನು ತಡೆಯುವ ಅಧಿಕಾರ ಕಳೆದುಕೊಂಡ ಮೇಲೆ, ನಿರ್ಬಂಧದ ಭಾರವೆಲ್ಲ ಉಳಿದ ಜಗತ್ತಿನ ಆಟಗಾರರ ಹೆಗಲಿಗೆ ಬಿತ್ತು.

ದೇಶದ ಕ್ರಮಾಂಕವೇ ಅರ್ಹತೆ

1999ರಲ್ಲಿ ಜಾರಿಗೆ ಬಂದ ಸೂತ್ರದಂತೆ, ಒಕ್ಕೂಟದ ಹೊರಗಿನ ಆಟಗಾರ ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಹಿರಿಯರ ತಂಡ ಆಡಿದ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಕನಿಷ್ಠ ಶೇ 75ರಷ್ಟರಲ್ಲಿ ಆಡಿರಬೇಕಿತ್ತು. ಅಷ್ಟೇ ಅಲ್ಲದೆ ಆ ದೇಶ ವಿಶ್ವ ಸಂಸ್ಥೆಯಾದ ಫಿಫಾದ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕಿತ್ತು. ಇದಕ್ಕೆ ಹೊಂದದವರ ಪರವಾಗಿ ಕ್ಲಬ್ಬುಗಳು ಮೇಲ್ಮನವಿ ಸಲ್ಲಿಸಬಹುದಿತ್ತು. ಈ ಸೂತ್ರದ ಪೆಟ್ಟನ್ನು ಭಾರತೀಯ ಓದುಗರು ಹತ್ತಿರದಿಂದ ಬಲ್ಲರು. ಮುಂದೆ ಬೆಂಗಳೂರು ಎಫ್‌ಸಿಯ ನಾಯಕರಾಗಿ ಕರ್ನಾಟಕದ ಮನೆಮಾತಾದ ಸುನಿಲ್ ಛೆಟ್ರಿ 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನೊಡನೆ ಕರಾರಿಗೆ ಬಂದಿದ್ದರೂ, ಭಾರತ ಮೊದಲ 70ರಲ್ಲಿ ಇಲ್ಲವೆಂಬ ಕಾರಣಕ್ಕೆ ಪರವಾನಗಿ ದೊರೆಯಲಿಲ್ಲ. ಕ್ಲಬ್ಬು ಒಪ್ಪಿದ ಆಟಗಾರನನ್ನು ಅವನ ಸಹ ಆಟಗಾರರ ಸೋಲುಗಳು ಹೊರಗಿಟ್ಟವು. ಛೆಟ್ರಿ ಮರುವರ್ಷ ಅಮೆರಿಕದ ಕಾನ್ಸಾಸ್ ಸಿಟಿಯತ್ತ ಸಾಗಿದರು.

ಈ ನಡುವೆ, 2008ರಲ್ಲಿ, ಬ್ರಿಟನ್ ಅಂಕಾಧಾರಿತ ವಲಸೆ ಪದ್ಧತಿಗೆ ಹೊರಳಿದಾಗ ‘ಆಡಳಿತ ಸಂಸ್ಥೆಯ ಅನುಮೋದನೆ’ ಎಂಬ ಹಂತ ನೆಲೆಗೊಂಡಿತು. ಗೃಹ ಇಲಾಖೆ ವೀಸಾ ಕೊಡುವ ಮುನ್ನ ಆಯಾ ಕ್ರೀಡೆಯ ಸಂಸ್ಥೆ ಅಭ್ಯರ್ಥಿಯನ್ನು ಯೋಗ್ಯನೆಂದು ದೃಢೀಕರಿಸಬೇಕೆಂಬುದು ಇದರ ಸಾರ. ಹೀಗೆ 1930ರ ದಶಕದಲ್ಲಿ ತನ್ನದೇ ನಿಯಮದಿಂದ ಬಾಗಿಲು ಬಿಗಿದಿದ್ದ ಎಫ್‌ಎ ಅಧಿಕೃತವಾಗಿಯೇ ದ್ವಾರಪಾಲಕನಾಯಿತು. ಪ್ರೀಮಿಯರ್ ಲೀಗ್‌ನಲ್ಲಿ ಇಂಗ್ಲಿಷರ ಪಾಲು ಮೂರನೇ ಒಂದರಷ್ಟಕ್ಕೆ ಇಳಿದಿದೆಯೆಂದು ಕಳವಳಗೊಂಡ ಎಫ್‌ಎ ಅಧ್ಯಕ್ಷ ಗ್ರೆಗ್ ಡೈಕ್ 2015ರಲ್ಲಿ ಸೂತ್ರವನ್ನು ಬಿಗಿಗೊಳಿಸಿದರು: ಮೊದಲ 10 ಸ್ಥಾನಗಳ ದೇಶದವನಿಗೆ ಶೇ 30ರಷ್ಟು ಪಂದ್ಯಗಳು ಸಾಕು, 31ರಿಂದ 50ರೊಳಗಿನ ದೇಶದವನಿಗೆ ಶೇ 75 ಬೇಕು, 50ರ ಆಚೆಯವರಿಗೆ ನೇರ ಹಾದಿಯೇ ಇಲ್ಲ.

ಕ್ಲಬ್ಬುಗಳು ಬಳಸುದಾರಿ ಹುಡುಕಿಕೊಂಡವು. ಪರವಾನಗಿ ಸಿಗದ ಯುವ ಆಟಗಾರನನ್ನು ಕೊಂಡು, ಅರ್ಹನಾಗುವವರೆಗೆ ಬೇರೆ ದೇಶದ ಕ್ಲಬ್ಬಿಗೆ ಎರವಲು ಕೊಡುವುದು ರೂಢಿಯಾಯಿತು. ಚೆಲ್ಸಿ 2004ರಲ್ಲಿ ಪಡೆದ ಬ್ರೆಜಿಲ್‌ನ ಅಲೆಕ್ಸ್ 2007ರವರೆಗೆ ನೆದರ್ಲೆಂಡ್ಸ್‌ನ ಪಿಎಸ್‌ವಿಯಲ್ಲಿ ಆಡಿದರು. ಲಿವರ್‌ಪೂಲ್ 2015ರಲ್ಲಿ ಸೇರಿಸಿಕೊಂಡ ನೈಜೀರಿಯಾದ ತೈವೊ ಅವೊನಿಯಿ ಆರು ವರ್ಷ ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಅಲೆದು, ಲಿವರ್‌ಪೂಲ್ ಪರ ಒಂದೂ ಅಧಿಕೃತ ಪಂದ್ಯವಾಡದೆ ಜರ್ಮನ್ ಕ್ಲಬ್ಬೊಂದಕ್ಕೆ ಮಾರಾಟವಾದರು.

15 ಅಂಕಗಳ ಲೆಕ್ಕ

ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬಂದ ಪರಿವರ್ತನಾ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿದಾಗ, ನಿನ್ನೆಯವರೆಗೆ ಮುಕ್ತವಾಗಿ ಬರುತ್ತಿದ್ದ ಫ್ರೆಂಚ್, ಸ್ಪ್ಯಾನಿಷ್ ಆಟಗಾರರೂ ಮರುದಿನದಿಂದ ಪರವಾನಗಿಯ ಸಾಲಿಗೆ ಸೇರಿದರು. ಹಳೆಯ ಸೂತ್ರವನ್ನೇ ಅವರಿಗೂ ಹಚ್ಚಿದರೆ ಲೀಗಿನ ವ್ಯಾಪಾರವೇ ಕುಸಿಯುತ್ತದೆಂದು ಕ್ಲಬ್ಬುಗಳು ವಾದಿಸಿದರೆ, ಸ್ಥಳೀಯರಿಗೆ ಹೆಚ್ಚು ಅವಕಾಶ ಸಿಗಬೇಕೆಂದು ಎಫ್‌ಎ ಪಟ್ಟು ಹಿಡಿಯಿತು. ಎರಡೂ ಕಡೆಯವರು ಕೂಡಿ ಗೃಹ ಇಲಾಖೆಯ ಒಪ್ಪಿಗೆಯೊಡನೆ ತಂದ ಹೊಸ ಪದ್ಧತಿಯಲ್ಲಿ ಜಗತ್ತಿನ ಲೀಗುಗಳನ್ನೆಲ್ಲ ಆರು ದರ್ಜೆಗಳಾಗಿ ವಿಂಗಡಿಸಲಾಗಿದೆ. ದೇಶದ ತಂಡದಲ್ಲಿ ಸಾಕಷ್ಟು ಆಡಿದವನಿಗೆ ನೇರ ಅನುಮೋದನೆ ದೊರೆಯುತ್ತದೆ. ಉಳಿದವರು ತಮ್ಮ ಲೀಗಿನ ದರ್ಜೆ, ಅಲ್ಲಿ ಮೈದಾನದಲ್ಲಿ ಕಳೆದ ನಿಮಿಷಗಳ ಪ್ರಮಾಣ, ಕ್ಲಬ್ಬು ಗಳಿಸಿದ ಸ್ಥಾನ, ಖಂಡಮಟ್ಟದ ಪಂದ್ಯಾವಳಿಗಳಲ್ಲಿ ಅದರ ಸಾಧನೆ ಇವುಗಳಿಂದ 15 ಅಂಕ ಕೂಡಿಸಬೇಕು. ವ್ಯವಸ್ಥಾಪಕರು, ಸಹಾಯಕ ತರಬೇತುದಾರರು ಮತ್ತು ಕ್ರೀಡಾ ನಿರ್ದೇಶಕರಿಗೂ ಪ್ರತ್ಯೇಕ ಮಾನದಂಡಗಳಿದ್ದು, ಉನ್ನತ ಲೀಗುಗಳಲ್ಲಿ ಇತ್ತೀಚೆಗೆ ಎಷ್ಟು ಕಾಲ ಕೆಲಸ ಮಾಡಿದ್ದಾರೆ ಎಂಬುದು ಅವರಿಗೆ ನಿರ್ಣಾಯಕವಾಗುತ್ತದೆ.

ಇದರಿಂದ ಲಾಭನಷ್ಟಗಳ ಭೂಪಟವೇ ತಿರುವುಮುರುವಾಯಿತು. ಎಳೆಯ ವಯಸ್ಸಿನಲ್ಲೇ ದಕ್ಷಿಣ ಅಮೆರಿಕದ ಕ್ಲಬ್ಬುಗಳಲ್ಲಿ ಮಿಂಚಿದವರಿಗೆ ಹಾದಿ ಸುಲಭವಾಯಿತು. ಈಕ್ವೆಡಾರ್‌ನ ಮೊಯಿಸೆಸ್ ಕೈಸೆಡೊ 2021ರ ಫೆಬ್ರುವರಿಯಲ್ಲೇ ಬ್ರೈಟನ್ ಸೇರಿದರು. ಅತ್ತ, ಫ್ರಾನ್ಸಿನ ಎರಡನೇ ದರ್ಜೆಯ ಲೀಗಿನಿಂದ 2014ರಲ್ಲಿ ಅಲ್ಪ ಮೊತ್ತಕ್ಕೆ ಲೆಸ್ಟರ್ ಸೇರಿ, ಎರಡೇ ವರ್ಷದಲ್ಲಿ ಲೀಗಿನ ಶ್ರೇಷ್ಠ ಆಟಗಾರನೆನಿಸಿದ ರಿಯಾದ್ ಮಹ್ರೆಜ್‌ರಂಥವರಿಗೆ ಇಂದು ಅಂಕ ಹೊಂದಿಸುವುದು ಕಷ್ಟ. ಜಪಾನಿನ ಕಾವೊರು ಮಿಟೊಮಾ 2021ರಲ್ಲಿ ಬ್ರೈಟನ್ ಪಾಲಾದರೂ ಮೊದಲ ವರ್ಷ ಬೆಲ್ಜಿಯಂನ ಯೂನಿಯನ್ ಸೇಂಟ್ ಗಿಲ್ವಾಸ್‌ನಲ್ಲಿ ಆಡಿ ಅರ್ಹತೆ ಗಳಿಸಬೇಕಾಯಿತು. 18ರೊಳಗಿನವರನ್ನು ಹೊರದೇಶದಿಂದ ತರುವುದನ್ನು ಫಿಫಾ ನಿಯಮ ತಡೆಯುತ್ತದೆ. ಒಕ್ಕೂಟದೊಳಗಿನ ದೇಶಗಳಿಗಿದ್ದ ವಿನಾಯಿತಿಯೂ ಬ್ರಿಟನ್‌ಗೆ ತಪ್ಪಿತು.

2023ರ ಜೂನ್‌ನಲ್ಲಿ ನಿಯಮ ಮತ್ತೊಂದು ಹೊರಳು ಕಂಡಿತು. ಅಂಕ ಸಾಲದ ಆಟಗಾರರಿಗಾಗಿ ಮೇಲಿನ ಎರಡು ಹಂತದ ಕ್ಲಬ್ಬುಗಳಿಗೆ ನಾಲ್ಕರವರೆಗೆ ವಿಶೇಷ ಸ್ಥಾನಗಳನ್ನು ನೀಡಲಾಯಿತು, ಆದರೆ ಅವುಗಳ ಸಂಖ್ಯೆ ಆ ಕ್ಲಬ್ಬು ಇಂಗ್ಲಿಷ್ ಆಟಗಾರರಿಗೆ ಕೊಟ್ಟ ಆಟದ ಸಮಯವನ್ನು ಅವಲಂಬಿಸಿದೆ. ಒಬ್ಬ ಕೊಲಂಬಿಯನ್ ತರುಣನ ಪರವಾನಗಿ ಅವನು ಹೇಗೆ ಆಡುತ್ತಾನೆಂಬುದಕ್ಕಿಂತ, ಅವನನ್ನು ಕೊಳ್ಳುವವರು ಬೇರೆ ಯಾರನ್ನು ಆಡಿಸಿದರು ಎಂಬುದರಿಂದ ನಿರ್ಧಾರವಾಗುವ ಸ್ಥಿತಿ ಇದು. ವಿದೇಶಿ ಆಟಗಾರನ ಪ್ರವೇಶ ಮೊದಲಿನಿಂದಲೂ ಸ್ಥಳೀಯರ ಹಿತಾಸಕ್ತಿಗಳ ನಡುವಿನ ಚೌಕಾಸಿಯಾಗಿತ್ತು. ಈಗ ಆ ಚೌಕಾಸಿ ನಿಯಮದ ಅಕ್ಷರದಲ್ಲೇ ಇದೆ.

ಭಾರತದ ಮಟ್ಟಿಗೆ ಫಲಿತಾಂಶ ಹೆಚ್ಚು ಬದಲಾಗಿಲ್ಲವಾದರೂ ಅದರ ಕಾರಣ ಬದಲಾಗಿದೆ. ಛೆಟ್ರಿಯವರ ಕಾಲದಲ್ಲಿ ಆಟಗಾರನೊಬ್ಬನ ಭವಿಷ್ಯ ರಾಷ್ಟ್ರೀಯ ತಂಡದ ಕ್ರಮಾಂಕಕ್ಕೆ ಕಟ್ಟಿಬಿದ್ದಿತ್ತು, ಅದನ್ನು ಅವನೊಬ್ಬನೇ ಮೇಲೆತ್ತುವಂತಿರಲಿಲ್ಲ. ಇಂದು ಇಂಡಿಯನ್ ಸೂಪರ್ ಲೀಗ್ ಕೆಳಗಿನ ದರ್ಜೆಯಲ್ಲಿರುವುದರಿಂದ ಅಲ್ಲಿಂದ ನೇರವಾಗಿ 15 ಅಂಕ ಕೂಡಿಸುವುದು ಬಹುಮಟ್ಟಿಗೆ ಅಸಾಧ್ಯ. ಆದರೆ ಮಿಟೊಮಾ ನಡೆದ ದಾರಿಯಲ್ಲಿ ಬೆಲ್ಜಿಯಂ, ಪೋರ್ಚುಗಲ್ ಅಥವಾ ನೆದರ್ಲೆಂಡ್ಸ್‌ನ ಕ್ಲಬ್ಬೊಂದರಲ್ಲಿ ಕಾಯಂ ಸ್ಥಾನ ಗಳಿಸಿದವನನ್ನು ಅವನ ದೇಶದ ಕ್ರಮಾಂಕವೊಂದೇ ತಡೆಯಲಾರದು. ಆದ್ದರಿಂದ ಇಂಗ್ಲೆಂಡಿನ ಕನಸು ಕಾಣುವ ಭಾರತೀಯ ತರುಣ ಮೊದಲು ಹುಡುಕಬೇಕಾದದ್ದು ಲಂಡನ್ನಿನ ಕ್ಲಬ್ಬನ್ನಲ್ಲ, ಹದಿನೆಂಟು ತುಂಬಿದೊಡನೆ ತನಗೆ ಆಟದ ನಿಮಿಷಗಳನ್ನು ಕೊಡುವ ಯೂರೋಪಿನ ಎರಡನೇ ಸಾಲಿನ ಲೀಗೊಂದನ್ನು.