ಶಾಕ್ ಅಬ್ಸಾರ್ಬರ್ ಬದಲಾವಣೆ: ಯಾವಾಗ, ಯಾವ ಲೆಕ್ಕದ ಮೇಲೆ?

ಸರಕು ಸಾಗಿಸುವ ವಾಹನದ ಎಂಜಿನು ಕೆಟ್ಟರೆ ಮಾಲೀಕರಿಗೆ ಅಂದೇ ತಿಳಿಯುತ್ತದೆ. ಟೈರು ಒಡೆದರೆ ಆ ಕ್ಷಣವೇ ತಿಳಿಯುತ್ತದೆ. ಆದರೆ ಹೊಸ ವಾಹನದ ಜೊತೆಗೆ ಕಾರ್ಖಾನೆಯಿಂದಲೇ ಬಂದ ಶಾಕ್ ಅಬ್ಸಾರ್ಬರುಗಳು ಸವೆದುಹೋದದ್ದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ವಾಹನ ಓಡುತ್ತಲೇ ಇರುತ್ತದೆ, ಸರಕು ತಲುಪುತ್ತಲೇ ಇರುತ್ತದೆ. ನಷ್ಟ ಮಾತ್ರ ಟೈರಿನ ಬಿಲ್ಲಿನಲ್ಲಿ ಸ್ವಲ್ಪ, ಒಡೆದ ಮಾಲಿನಲ್ಲಿ ಸ್ವಲ್ಪ, ಗ್ಯಾರೇಜಿನ ಚೀಟಿಯಲ್ಲಿ ಸ್ವಲ್ಪ ಎಂಬಂತೆ ಹಂಚಿಹೋಗಿ, ಯಾವ ಖಾತೆಯಲ್ಲೂ ತನ್ನ ಹೆಸರಿನಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ವ್ಯಾಪಾರದಲ್ಲಿ ಪಿಕಪ್ ವಾಹನದ ಪಾತ್ರ ದೊಡ್ಡದು. ಗಂಗೊಳ್ಳಿಯ ಮೀನು, ಗೇರುಬೀಜ ಕಾರ್ಖಾನೆಗಳ ಮಾಲು, ಅಕ್ಕಿ ಗಿರಣಿಗಳ ಮೂಟೆ, ಹಂಚು, ಸಿಮೆಂಟು, ತೆಂಗಿನಕಾಯಿ ಎಲ್ಲವೂ ಇದರ ಬೆನ್ನೇರಿ ಸಾಗುತ್ತವೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ವರ್ತಕರೂ ಸ್ವಂತ ಸರಕು ವಾಹನ ಇಟ್ಟುಕೊಳ್ಳುವುದು ಸುಲಭವಾಯಿತು. ವಾಹನ ಸ್ವಂತದ್ದಾದ ಮೇಲೆ ಅದರ ಬಿಡಿಭಾಗಗಳ ವಿಷಯದಲ್ಲಿ ನಿರ್ಧಾರ ಕೈಗೊಳ್ಳುವ ಹೊಣೆಯೂ ಸ್ವಂತದ್ದೇ ಆಗುತ್ತದೆ.

ಶಾಕ್ ಅಬ್ಸಾರ್ಬರಿನ ಕೆಲಸವೇನು?

ವಾಹನದ ಭಾರವನ್ನು ಶಾಕ್ ಅಬ್ಸಾರ್ಬರು ಹೊರುವುದಿಲ್ಲ. ಭಾರ ಹೊರುವುದು ಸ್ಪ್ರಿಂಗು. ಸರಕು ವಾಹನಗಳಲ್ಲಿ ಸಾಮಾನ್ಯವಾಗಿ ಇರುವುದು ಲೀಫ್ ಸ್ಪ್ರಿಂಗು, ಅಂದರೆ ಗ್ಯಾರೇಜಿನ ಭಾಷೆಯ ಪ್ಲೇಟು. ಚಕ್ರವು ಹೊಂಡಕ್ಕೆ ಬಿದ್ದಾಗ ಸ್ಪ್ರಿಂಗು ಕುಗ್ಗಿ ಹಿಗ್ಗುತ್ತದೆ. ಅದನ್ನು ತಡೆಯದೆ ಬಿಟ್ಟರೆ ಮತ್ತೆ ಮತ್ತೆ ಕುಗ್ಗಿ ಹಿಗ್ಗುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರಿನ ಕೊಳವೆಯೊಳಗಿನ ಪಿಸ್ಟನ್ನು ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ದೂಡುತ್ತಾ ಈ ಕುಣಿತವನ್ನು ಅಡಗಿಸಿ, ಅದರ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತದೆ. ಇದರಿಂದ ಚಕ್ರವು ನೆಲ ಬಿಡದೆ ಓಡುತ್ತದೆ. ಬ್ರೇಕು ಹಿಡಿಯುವುದೂ, ಸ್ಟಿಯರಿಂಗು ಮಾತು ಕೇಳುವುದೂ ಚಕ್ರ ನೆಲಕ್ಕೆ ಅಂಟಿಕೊಂಡಿದ್ದರೆ ಮಾತ್ರ.

ಆದುದರಿಂದ ವಾಹನದ ಹಿಂಭಾಗ ಕುಸಿದಿದ್ದರೆ ಶಾಕ್ ಅಬ್ಸಾರ್ಬರು ಬದಲಿಸಿ ಪ್ರಯೋಜನವಿಲ್ಲ. ಅದು ಪ್ಲೇಟಿನ ದೋಷ ಅಥವಾ ಮಿತಿಮೀರಿದ ಭಾರದ ಫಲ. ಈ ವ್ಯತ್ಯಾಸವನ್ನು ತಿಳಿಯದೆ ಹಣ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಕಿಲೋಮೀಟರು ಒಂದೇ ಅಳತೆಯಲ್ಲ

ಶಾಕ್ ಅಬ್ಸಾರ್ಬರ್ ತಯಾರಿಸುವ ಮನ್ರೋ ಸಂಸ್ಥೆಯು ಬದಲಾವಣೆಗೆ 50,000 ಮೈಲಿ, ಅಂದರೆ ಸುಮಾರು 80,000 ಕಿ.ಮೀ. ಎಂಬ ಸಾಮಾನ್ಯ ಸೂಚನೆಯನ್ನು ನೀಡುತ್ತದೆ. ಕರಾವಳಿಯ ಸರಕು ವಾಹನಕ್ಕೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಹೆಜಮಾಡಿಯಿಂದ ಶಿರೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಓಡುವ ವಾಹನ ಬೇರೆ. ಹಾಲಾಡಿ, ಅಮಾಸೆಬೈಲು, ವಂಡ್ಸೆ ಕಡೆಯ ಒಳರಸ್ತೆಗಳಲ್ಲಿ ತಿರುಗುವ ವಾಹನ ಬೇರೆ. ಕೊಲ್ಲೂರು ದಾಟಿ ನಾಗೋಡಿ ಘಾಟಿ ಅಥವಾ ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಏರುವ ವಾಹನ ಬೇರೆ. ಎಡೆಬಿಡದೆ ಕುಲುಕುವ ರಸ್ತೆಯಲ್ಲಿ ಒಳಗಿನ ಎಣ್ಣೆ ಕಾದು ನೊರೆಗಟ್ಟಿ ಹಿಡಿತ ಕಳೆದುಕೊಳ್ಳುತ್ತದೆ, ಸೀಲುಗಳು ಬೇಗ ಸವೆಯುತ್ತವೆ.

ಇದಕ್ಕೆ ಮಳೆ ಮತ್ತು ಉಪ್ಪು ಸೇರುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಂಡಗಳು ನೀರಿನಡಿ ಮರೆಯಾಗುತ್ತವೆ. ಮೀನಿನ ವಾಹನಗಳಲ್ಲಿ ಪೆಟ್ಟಿಗೆಯಿಂದ ತೊಟ್ಟಿಕ್ಕುವ ಉಪ್ಪುನೀರು ನೇರವಾಗಿ ಅಡಿಭಾಗಕ್ಕೆ ಇಳಿಯುತ್ತದೆ. ಪಿಸ್ಟನ್ ದಂಡದ ನುಣುಪು ಲೇಪನದಲ್ಲಿ ತುಕ್ಕಿನ ಒಂದು ಚುಕ್ಕೆ ಎದ್ದರೂ ಸಾಕು, ಅದು ಪ್ರತಿ ಏರಿಳಿತದಲ್ಲಿ ಸೀಲನ್ನು ಕೊಯ್ಯುತ್ತದೆ. ಆದುದರಿಂದ ಕಿಲೋಮೀಟರನ್ನು ಪರೀಕ್ಷೆಯ ಗಡುವಾಗಿ ಇಟ್ಟುಕೊಳ್ಳಬೇಕೇ ಹೊರತು ಬದಲಾವಣೆಯ ಗಡುವಾಗಿ ಅಲ್ಲ. ಪ್ರತಿ 20,000 ಕಿ.ಮೀ.ಗೆ ಒಮ್ಮೆ, ಜೊತೆಗೆ ಮಳೆಗಾಲದ ಮೊದಲು ಮೇ ತಿಂಗಳಲ್ಲಿ ಮತ್ತು ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಪರೀಕ್ಷಿಸುವುದು ಇಲ್ಲಿಗೆ ಹೊಂದುವ ಕ್ರಮ.

ಪರೀಕ್ಷಿಸುವ ಬಗೆ

1. ಎಣ್ಣೆ: ಕೊಳವೆಯ ಮೇಲ್ಭಾಗದಲ್ಲಿ ತೆಳುವಾದ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಗೆರೆಯಾಗಿ ಕೆಳಗಿಳಿದು ಧೂಳು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ ಎಂದೇ ಅರ್ಥ.

2. ಟೈರು: ಅಂಗೈಯನ್ನು ಟೈರಿನ ಮೇಲ್ಮೈಯಲ್ಲಿ ನಿಧಾನವಾಗಿ ಸವರಿದಾಗ ಅಲ್ಲಲ್ಲಿ ತಗ್ಗು, ದಿಣ್ಣೆ ಸಿಕ್ಕಿದರೆ ಚಕ್ರ ನೆಲದ ಮೇಲೆ ಕುಣಿಯುತ್ತಿದೆ ಎಂದು ತಿಳಿಯಬೇಕು. ಒಂದೇ ಅಂಚು ಸವೆದಿದ್ದರೆ ಅದು ಅಲೈನ್‌ಮೆಂಟಿನ ದೋಷ. ಅದಕ್ಕೆ ಶಾಕ್ ಅಬ್ಸಾರ್ಬರು ಮದ್ದಲ್ಲ.

3. ಶಾಖ: ಕೆಟ್ಟ ರಸ್ತೆಯಲ್ಲಿ ಹತ್ತಾರು ಕಿಲೋಮೀಟರು ಓಡಿಸಿ ನಿಲ್ಲಿಸಿದ ಕೂಡಲೇ ಕೈ ಸುಡದಂತೆ ಎಚ್ಚರಿಕೆಯಿಂದ ಕೊಳವೆಗಳನ್ನು ಮುಟ್ಟಿ ನೋಡಬಹುದು. ಉಳಿದವು ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ.

4. ಬುಷ್: ಮೇಲೆ, ಕೆಳಗೆ ಬೋಲ್ಟು ಕೂರುವ ಜಾಗದ ರಬ್ಬರು ಬುಷ್ ಹರಿದಿದ್ದರೆ ಟಕಟಕ ಶಬ್ದ ಬರುತ್ತದೆ. ಕೆಲವೊಮ್ಮೆ ಬುಷ್ ಬದಲಿಸಿದರೆ ಸಾಕು, ಇಡೀ ಶಾಕ್ ಅಬ್ಸಾರ್ಬರು ಬೇಕಾಗುವುದಿಲ್ಲ.

ವಾಹನದ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ರೂಢಿ ಕಾರುಗಳಿಗೆ ಸರಿ. ಖಾಲಿ ಪಿಕಪ್‌ನ ಪ್ಲೇಟು ಗಡುಸಾಗಿರುವುದರಿಂದ, ಪ್ಲೇಟುಗಳ ನಡುವಿನ ತಿಕ್ಕಾಟವೂ ಇರುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ. ದಿನನಿತ್ಯ ಓಡಿಸುವ ಚಾಲಕರ ಅಭಿಪ್ರಾಯವೂ ಇಲ್ಲಿ ಪೂರ್ಣ ಸಾಕ್ಷಿಯಾಗದು. ಸವೆತ ದಿನಕ್ಕಿಷ್ಟಿಷ್ಟಾಗಿ ಬರುವುದರಿಂದ ಅವರು ಅದಕ್ಕೆ ಒಗ್ಗಿಹೋಗಿರುತ್ತಾರೆ. ಅವರು ರಜೆಯಲ್ಲಿದ್ದಾಗ ಬಂದ ಬದಲಿ ಚಾಲಕರು "ಗಾಡಿ ತುಂಬಾ ಎತ್ತಿಹಾಕುತ್ತದೆ" ಎಂದರೆ ಆ ಮಾತಿಗೆ ಬೆಲೆ ಕೊಡಬೇಕು.

ಲೆಕ್ಕ ಹಾಕುವ ವಿಧಾನ

ಎಣ್ಣೆ ಸುರಿಯುತ್ತಿರುವುದು, ದಂಡ ಬಾಗಿರುವುದು, ಹಿಡಿಕೆ ಮುರಿದಿರುವುದು, ಬ್ರೇಕು ಹಾಕಿದಾಗ ಚಕ್ರ ಪುಟಿಯುವುದು ಕಂಡುಬಂದರೆ ಲೆಕ್ಕದ ಅಗತ್ಯವಿಲ್ಲ, ಕೂಡಲೇ ಬದಲಿಸಬೇಕು. ಲೆಕ್ಕ ಬೇಕಾಗುವುದು ನಡುವಿನ ಸ್ಥಿತಿಗೆ, ಅಂದರೆ ಸವೆದಿದೆ ಆದರೆ ಪೂರ್ತಿ ಕೆಟ್ಟಿಲ್ಲ ಎಂಬ ಸಂದರ್ಭಕ್ಕೆ.

ಉದಾಹರಣೆಗೆ, ಹಂಚು ಸಾಗಿಸುವ ವಾಹನವೊಂದು ತಿಂಗಳಿಗೆ 2,000 ಕಿ.ಮೀ. ಓಡುತ್ತದೆ ಎಂದೂ, ನಾಲ್ಕು ಶಾಕ್ ಅಬ್ಸಾರ್ಬರುಗಳಿಗೆ ಕೂಲಿ, ತೆರಿಗೆ ಸೇರಿ 8,000 ರೂ. ಎಂದೂ ಇಟ್ಟುಕೊಳ್ಳಬಹುದು. 28,000 ರೂ.ಗಳ ನಾಲ್ಕು ಟೈರು 40,000 ಕಿ.ಮೀ. ಬಾಳಿದರೆ ಕಿ.ಮೀ.ಗೆ 70 ಪೈಸೆ. ಚಕ್ರ ಕುಣಿದು ಅದೇ ಟೈರು 30,000 ಕಿ.ಮೀ.ಗೆ ಮುಗಿದರೆ ಕಿ.ಮೀ.ಗೆ ಸುಮಾರು 93 ಪೈಸೆ. ಈ ಅಂತರದಿಂದ ತಿಂಗಳಿಗೆ ಸುಮಾರು 467 ರೂ. ನಷ್ಟ. ತಿಂಗಳ 20 ಬಾಡಿಗೆಗಳಲ್ಲಿ ತಲಾ ಎರಡು ಹಂಚು ಹೆಚ್ಚಾಗಿ ಒಡೆದು, ಹಂಚೊಂದಕ್ಕೆ 25 ರೂ. ಹಿಡಿದರೆ ಇನ್ನೂ 1,000 ರೂ. ಒಟ್ಟು ತಿಂಗಳಿಗೆ 1,467 ರೂ. ಹೊಸ ಶಾಕ್ ಅಬ್ಸಾರ್ಬರಿನ ಹಣ ಐದೂವರೆ ತಿಂಗಳಲ್ಲಿ ಮರಳುತ್ತದೆ. ಇಲ್ಲಿ ತಡಮಾಡುವುದೇ ದುಂದು.

ಇನ್ನೊಂದು ವಾಹನ ತಿಂಗಳಿಗೆ 800 ಕಿ.ಮೀ. ಮಾತ್ರ ಓಡುತ್ತದೆ, ಅಕ್ಕಿಮೂಟೆ ಹೊರುತ್ತದೆ, ಒಡೆಯುವ ಮಾಲಿಲ್ಲ. ಅದೇ ದರದಲ್ಲಿ ಟೈರಿನ ನಷ್ಟ ತಿಂಗಳಿಗೆ ಸುಮಾರು 187 ರೂ.; ಹಣ ಮರಳಲು ಮೂರೂವರೆ ವರ್ಷ ಬೇಕು. ಇಂಥಲ್ಲಿ ಸುರಕ್ಷತೆಯ ಲಕ್ಷಣಗಳು ಕಾಣದಿದ್ದರೆ ಮುಂದಿನ ಪರೀಕ್ಷೆಯವರೆಗೆ ಕಾಯುವುದು ತಪ್ಪಲ್ಲ. ಬಿಡಿಭಾಗ ಒಂದೇ, ಸವೆತವೂ ಒಂದೇ. ವ್ಯಾಪಾರ ಬೇರೆಯಾದುದರಿಂದ ನಿರ್ಧಾರ ಬೇರೆ. ಮೇಲಿನ ಅಂಕಿಗಳ ಜಾಗದಲ್ಲಿ ಪ್ರತಿಯೊಬ್ಬರೂ ತಮ್ಮ ಪುಸ್ತಕದ ಅಂಕಿಗಳನ್ನು ಹಾಕಿಕೊಳ್ಳಬೇಕು.

ತೆರಿಗೆಯ ದೃಷ್ಟಿಯಲ್ಲಿ

ಶಾಕ್ ಅಬ್ಸಾರ್ಬರು ಬದಲಾವಣೆಯಿಂದ ಹೊಸ ಆಸ್ತಿ ಹುಟ್ಟುವುದಿಲ್ಲ; ಇದ್ದ ವಾಹನ ಮೊದಲಿನ ಸ್ಥಿತಿಗೆ ಬರುತ್ತದೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಈ ವೆಚ್ಚವನ್ನು ವಾಹನದ ಮೌಲ್ಯಕ್ಕೆ ಸೇರಿಸದೆ ದುರಸ್ತಿ ಖಾತೆಗೆ ಬರೆದು ಅದೇ ವರ್ಷ ಕಳೆಯುವುದು ಸರಿಯಾದ ಕ್ರಮ. ಆದರೆ ಬಾಡಿಗೆ ವಾಹನದ ಮಾಲೀಕರು ಅಂದಾಜು ಆದಾಯ ಪದ್ಧತಿಯನ್ನು, ಅಂದರೆ 1961ರ ಕಾಯಿದೆಯ 44ಎಇ ಕಲಮಿನಡಿ ಬಂದ ಪದ್ಧತಿಯನ್ನು, ಆಯ್ದುಕೊಂಡಿದ್ದರೆ ದುರಸ್ತಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ.

ಜಿ.ಎಸ್.ಟಿ.ಯಲ್ಲಿ ವಾಹನ ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಸರಕು ವಾಹನದ ಬಿಡಿಭಾಗಗಳ ಮೇಲಿನ ಹೂಡುವಳಿ ತೆರಿಗೆ ಜಮೆಗೆ ಪ್ರಯಾಣಿಕ ಕಾರಿಗಿರುವಂಥ ನಿರ್ಬಂಧವಿಲ್ಲ. ಮೇಲಿನ 8,000 ರೂ.ಗಳಲ್ಲಿ ತೆರಿಗೆಯ ಭಾಗ ಸುಮಾರು 1,220 ರೂ.; ತೆರಿಗೆಗೊಳಪಡುವ ಹಂಚಿನ ವ್ಯಾಪಾರಿಗೆ ಅದು ಮರಳುವುದರಿಂದ ನಿಜವಾದ ವೆಚ್ಚ 6,780 ರೂ. ಮಾತ್ರ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ, ತೆರಿಗೆ ವಿನಾಯಿತಿಯಿರುವ ತಾಜಾ ಮೀನಿನ ವ್ಯಾಪಾರಿಗಳಿಗೂ ಈ ಜಮೆ ದೊರೆಯದು. ಜಮೆ ಪಡೆಯುವವರು ಜಿ.ಎಸ್.ಟಿ. ಸಂಖ್ಯೆಯಿರುವ ಬಿಲ್ಲನ್ನೇ ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಮಾಲು ನಕಲಿಯೂ ಆಗಿರಬಹುದು, ಜಮೆಯೂ ಕೈತಪ್ಪುತ್ತದೆ.

ವಿಮೆಯ ಬಗ್ಗೆಯೂ ಒಂದು ಮಾತು. ವಾಹನ ವಿಮೆಯು ಅಪಘಾತದ ಹಾನಿಯನ್ನು ಭರಿಸುತ್ತದೆಯೇ ಹೊರತು ಬಳಕೆಯ ಸವೆತವನ್ನಲ್ಲ.

ಬದಲಿಸುವಾಗ

ಒಂದೇ ಅಚ್ಚಿನ ಎರಡೂ ಬದಿಯವನ್ನು ಒಟ್ಟಿಗೆ ಬದಲಿಸಬೇಕು. ಒಂದು ಹೊಸತು, ಒಂದು ಹಳತಾದರೆ ವಾಹನ ಒಂದು ಕಡೆಗೆ ಎಳೆಯಬಹುದು. ಹಣ ಸಾಲದಿದ್ದರೆ ಮೊದಲು ಹೆಚ್ಚು ಸವೆದ ಅಚ್ಚಿಗೆ, ಅನಂತರ ಮತ್ತೊಂದಕ್ಕೆ ಹಾಕಿಸಬಹುದು. ಮೀನಿನ ವಾಹನಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿಯೇ ತಕ್ಕ ಸಮಯ. ಉಳಿದವರಿಗೆ ಎಫ್‌ಸಿ ನವೀಕರಣದ ಮುಂಚಿನ ವಾರ ಅನುಕೂಲ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ ಪಡೆಯಬೇಕಾಗಿರುವುದರಿಂದ ವಾಹನ ಹೇಗೂ ಗ್ಯಾರೇಜಿಗೆ ಹೋಗಲೇಬೇಕು.

ಹೊಸ ಶಾಕ್ ಅಬ್ಸಾರ್ಬರನ್ನು ಹಾಕಿಸಿ ಹಿಂದಿನಂತೆಯೇ ಮಿತಿಮೀರಿ ಭಾರ ಹೇರಿದರೆ ಹಾಕಿದ ಹಣ ವ್ಯರ್ಥ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 194ನೆಯ ಕಲಮು ಹೆಚ್ಚುವರಿ ಭಾರಕ್ಕೆ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ವಿಧಿಸುತ್ತದೆ.

ಇದೆಲ್ಲಕ್ಕೂ ಬೇಕಾದದ್ದು ವಾಹನಕ್ಕೊಂದು ನಲವತ್ತು ಪುಟದ ಪುಸ್ತಕ. ಟೈರು ಹಾಕಿದ ದಿನಾಂಕ ಮತ್ತು ಕಿಲೋಮೀಟರು, ಒಡೆದ ಮಾಲಿನ ಬೆಲೆ, ದುರಸ್ತಿಯ ವೆಚ್ಚ ಇಷ್ಟನ್ನು ಬರೆದಿಟ್ಟರೆ ಸಾಕು. ಆರು ತಿಂಗಳ ದಾಖಲೆ ಎದುರಿಗಿದ್ದರೆ ಶಾಕ್ ಅಬ್ಸಾರ್ಬರು ಬದಲಿಸಬೇಕೇ ಬೇಡವೇ ಎಂಬುದನ್ನು ಗ್ಯಾರೇಜಿನವರಲ್ಲಿ ಕೇಳಬೇಕಾಗಿಲ್ಲ. ಅದನ್ನು ಮಾಲೀಕರೇ ಅಂಗಡಿಯ ಗಲ್ಲೆಯ ಬಳಿ ಕುಳಿತು ನಿರ್ಧರಿಸಬಹುದು.