ಇಂದ್ರಧನುಷ್ (ದೂರದರ್ಶನ ಧಾರಾವಾಹಿ)

ಇಂದ್ರಧನುಷ್ 1989ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ, ಮಕ್ಕಳಿಗಾಗಿ ನಿರ್ಮಿತವಾದ ಹಿಂದಿ ಭಾಷೆಯ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ. ಇದರ ನಿರ್ದೇಶಕರು ಆನಂದ್ ಮಹೇಂದ್ರೂ. ಕಾಲಯಾನವನ್ನು ಕಥೆಯ ಕೇಂದ್ರದಲ್ಲಿರಿಸಿಕೊಂಡ ಭಾರತೀಯ ಕಿರುತೆರೆಯ ಆರಂಭಿಕ ಕೃತಿಗಳಲ್ಲಿ ಇದೂ ಒಂದು. ಕನ್ನಡದ ನಾಟಕಕಾರ ಗಿರೀಶ ಕಾರ್ನಾಡರು ಇದರಲ್ಲಿ ಅಭಿನಯಿಸಿದ್ದರಿಂದ ಕನ್ನಡಿಗರಿಗೂ ಈ ಧಾರಾವಾಹಿಯೊಂದಿಗೆ ನಂಟಿದೆ.

ಕಥಾವಸ್ತು

ಗೆಳೆಯರ ಗುಂಪೊಂದು ಬಿಡಿಭಾಗಗಳನ್ನು ಕೂಡಿಸಿ ಮನೆಯಲ್ಲಿಯೇ ಒಂದು ಕಂಪ್ಯೂಟರನ್ನು ಸಿದ್ಧಪಡಿಸುತ್ತದೆ. ಆಂಡ್ರೋಮಿಡಾ ನಕ್ಷತ್ರಪುಂಜದಿಂದ ಬಂದ ರಾಜಕುಮಾರನೊಬ್ಬನ ಚೈತನ್ಯ ಅದರೊಳಗೆ ನೆಲೆಸುತ್ತದೆ. ಅಲ್ಲಿಂದ ಮುಂದೆ ಆ ಯಂತ್ರವು ಮಕ್ಕಳೊಂದಿಗೆ ಸಂವಾದಿಸುವ ಜೊತೆಗಾರನೂ ಕಾಲದಲ್ಲಿ ಸಂಚರಿಸುವ ಸಾಧನವೂ ಆಗುತ್ತದೆ. ಸ್ವಾತಂತ್ರ್ಯಪೂರ್ವ ಭಾರತದ ಹೋರಾಟದ ದಿನಗಳಿಗೆ ಹೋಗುವ ಪ್ರಸಂಗವೂ ಕಥೆಯಲ್ಲಿದೆ.

ಅಂದಿನ ಬಹುಪಾಲು ಮಕ್ಕಳು ಕಂಪ್ಯೂಟರನ್ನು ಕಣ್ಣಾರೆ ಕಂಡಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯಿಸುವ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆ ಆರಂಭವಾದದ್ದು 1984ರಲ್ಲಿ. ಅದು ತಲುಪಿದ್ದು ಕೆಲವೇ ಶಾಲೆಗಳನ್ನು. ಆದ್ದರಿಂದ ವೀಕ್ಷಕ ಮಕ್ಕಳಿಗೆ ಕಾಲಯಾನದಷ್ಟೇ ಕಂಪ್ಯೂಟರೂ ಅದ್ಭುತವೆನಿಸುವ ಸಂಗತಿಯಾಗಿತ್ತು.

ಪಾತ್ರವರ್ಗ

ಗಿರೀಶ ಕಾರ್ನಾಡ್, ವಿಶಾಲ್ ಸಿಂಗ್, ಅಕ್ಷಯ್ ಆನಂದ್, ಊರ್ಮಿಳಾ ಮಾತೋಂಡ್ಕರ್, ಅಶುತೋಷ್ ಗೋವಾರಿಕರ್ ಮತ್ತು ಕರಣ್ ಜೋಹರ್ ಅಭಿನಯಿಸಿದ್ದರು. ಇವರಲ್ಲಿ ಗೋವಾರಿಕರ್ ಮತ್ತು ಜೋಹರ್ ಮುಂದೆ ಹಿಂದಿ ಚಿತ್ರರಂಗದ ಪ್ರಮುಖ ನಿರ್ದೇಶಕರಾದರು. ಆನಂದ್ ಮಹೇಂದ್ರೂ ಅವರು ತರುವಾಯ 'ದೇಖ್ ಭಾಯಿ ದೇಖ್' ಎಂಬ ಜನಪ್ರಿಯ ಹಾಸ್ಯ ಧಾರಾವಾಹಿಯನ್ನು ನಿರ್ದೇಶಿಸಿದರು.

ಕಾರ್ನಾಡರು (1938–2019) ಆ ವೇಳೆಗಾಗಲೇ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಸ್ವಾಮಿಯ ತಂದೆಯಾಗಿ ಮನೆಮಾತಾಗಿದ್ದರು. ಬಳಿಕ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮವನ್ನೂ ನಿರೂಪಿಸಿದರು. ಭೂತಕಾಲವನ್ನು ವರ್ತಮಾನದ ಕಣ್ಣಿನಿಂದ ನೋಡುವುದು ಅವರ ನಾಟಕಗಳ ಮುಖ್ಯ ಲಕ್ಷಣ. 'ಯಯಾತಿ'ಯಲ್ಲಿ ತಂದೆ ಮಗನ ಯೌವನವನ್ನು ಪಡೆಯುತ್ತಾನೆ. ಕೊನೆಯ ನಾಟಕ 'ರಾಕ್ಷಸ ತಂಗಡಿ'ಯು 1565ರ ತಾಳಿಕೋಟೆ ಯುದ್ಧವನ್ನು ಕುರಿತದ್ದು. ವಿಜಯನಗರದ ವಿರುದ್ಧ ಆ ಯುದ್ಧದಲ್ಲಿ ಸೇರಿದ ಸುಲ್ತಾನರಲ್ಲಿ ಬಿಜಾಪುರದ ಅಲಿ ಆದಿಲ್ ಶಾಹನೂ ಒಬ್ಬನು.

ಕಾಲಯಾನದ ಕಲ್ಪನೆ

ಭಾಗವತದ ಕಕುದ್ಮಿಯ ಕಥೆ ಇಂಥ ಕಲ್ಪನೆಗೆ ಹಳೆಯ ಉದಾಹರಣೆ. ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ರಾಜನು ಬ್ರಹ್ಮಲೋಕಕ್ಕೆ ಹೋಗಿ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿರುತ್ತವೆ. ರೇವತಿಯು ಕೊನೆಗೆ ಬಲರಾಮನನ್ನು ವರಿಸುತ್ತಾಳೆ. ಆಧುನಿಕ ಸಾಹಿತ್ಯದಲ್ಲಿ ಯಂತ್ರದ ಮೂಲಕ ಕಾಲಯಾನವೆಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು ಎಚ್. ಜಿ. ವೆಲ್ಸ್ ಅವರ 1895ರ ಕಾದಂಬರಿ 'ದಿ ಟೈಮ್ ಮಷೀನ್'.

ಕಿರುತೆರೆಯಲ್ಲಿ ಈ ಪ್ರಕಾರಕ್ಕೆ ಮಾದರಿಯಾದದ್ದು 1963ರ ನವೆಂಬರ್ 23ರಂದು ಬಿಬಿಸಿ ಆರಂಭಿಸಿದ 'ಡಾಕ್ಟರ್ ಹೂ'. ಮಕ್ಕಳಿಗೆ ಇತಿಹಾಸ ಮತ್ತು ವಿಜ್ಞಾನಗಳನ್ನು ಕಥೆಯ ಮೂಲಕ ತಿಳಿಸುವುದು ಅದರ ಮೊದಲ ಉದ್ದೇಶಗಳಲ್ಲೊಂದು. ಅದರ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಜನಿಸಿದವರು. ಆ ಸರಣಿಯ ಮೊದಲ ದೀರ್ಘಾವಧಿ 1989ರಲ್ಲಿ, ಅಂದರೆ 'ಇಂದ್ರಧನುಷ್' ಪ್ರಸಾರವಾದ ವರ್ಷದಲ್ಲಿಯೇ, ನಿಂತುಹೋಯಿತು; 2005ರಲ್ಲಿ ಸರಣಿ ಪುನರಾರಂಭವಾಯಿತು.

ವಿಜ್ಞಾನದ ದೃಷ್ಟಿಯಲ್ಲಿ ಭವಿಷ್ಯದತ್ತ ಸಾಗುವುದಕ್ಕೂ ಭೂತಕಾಲಕ್ಕೆ ಮರಳುವುದಕ್ಕೂ ವ್ಯತ್ಯಾಸವಿದೆ. ಐನ್‌ಸ್ಟೈನರ 1905ರ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು ನಡೆಸಿದ ಹಾಫೆಲೆ–ಕೀಟಿಂಗ್ ಪ್ರಯೋಗದಲ್ಲಿ ಸಾಪೇಕ್ಷತಾ ಸಿದ್ಧಾಂತ ಹೇಳುವ ಸಮಯದ ವ್ಯತ್ಯಾಸಗಳು ಕಂಡುಬಂದವು. ಭೂತಕಾಲಕ್ಕೆ ಹೋಗುವುದಕ್ಕೆ ಅಂಥ ಪ್ರಾಯೋಗಿಕ ಆಧಾರವಿಲ್ಲ. ಅಲ್ಲಿಗೆ ಹೋದವನು ತನ್ನ ಅಜ್ಜನ ವಿವಾಹವನ್ನೇ ತಪ್ಪಿಸಿದರೆ ತಾನು ಹುಟ್ಟುವುದೆಂತು ಎಂಬ ಪ್ರಶ್ನೆಯನ್ನು 'ಅಜ್ಜನ ವಿರೋಧಾಭಾಸ' ಎನ್ನುತ್ತಾರೆ.

ಕರ್ನಾಟಕದಲ್ಲಿ ಮಕ್ಕಳ ದೂರದರ್ಶನ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದದ್ದು ಶಿಕ್ಷಣದ ಸಾಧನವಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಉಪಗ್ರಹ ಬೋಧನಾ ಪ್ರಯೋಗಕ್ಕೆ ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬಂದ ಸಂಕೇತವನ್ನು ತಂತಿಬಲೆಯ ದೊಡ್ಡ ಆಂಟೆನಾಗಳು ಗ್ರಹಿಸುತ್ತಿದ್ದವು. ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿ ಸುಮಾರು 22 ನಿಮಿಷಗಳ ಕನ್ನಡ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ಇಂದಿನ ವಿಜಯಪುರ ನಗರ ಹಾಗೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಪ್ರದೇಶ ಅಂದಿನ ಬಿಜಾಪುರ ಜಿಲ್ಲೆಗೆ ಸೇರಿತ್ತು.

1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ, ಮರುಪ್ರಸಾರ ಕೇಂದ್ರಗಳು ಹೆಚ್ಚಿದ ಮೇಲೆ ಸ್ಥಿತಿ ಬದಲಾಯಿತು. ಪರದೆ ಹೆಚ್ಚು ಮನೆಗಳನ್ನು ತಲುಪಿತು. ಆದರೆ ಅದರ ಮುಖ್ಯ ಭಾಷೆ ಹಿಂದಿಯಾಯಿತು. ಹದಿಮೂರು ವರ್ಷಗಳ ಹಿಂದೆ ವಿಜ್ಞಾನವನ್ನು ಕನ್ನಡದಲ್ಲಿ ಕೇಳಿದ್ದ ಜಿಲ್ಲೆಯ ಮಕ್ಕಳಿಗೆ ಕಾಲಯಂತ್ರದ ಕಥೆ ಬಂದದ್ದು ಶಾಲೆಯಲ್ಲಿ ಆಗಷ್ಟೇ ಕಲಿಯತೊಡಗಿದ್ದ ಭಾಷೆಯಲ್ಲಿ. ಕನ್ನಡದಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊರತೆಯಿರಲಿಲ್ಲ. ರಾಜಶೇಖರ ಭೂಸನೂರಮಠರು ಆ ಪ್ರಕಾರವನ್ನು ಬೆಳೆಸಿದ ಪ್ರಮುಖರು. ಆದರೆ ಅಚ್ಚಿನಲ್ಲಿದ್ದ ಆ ಸಂಪತ್ತಿಗೆ ಸರಿಸಾಟಿಯಾದ ಮಕ್ಕಳ ಧಾರಾವಾಹಿ ಪರಂಪರೆ ಕನ್ನಡ ಕಿರುತೆರೆಯಲ್ಲಿ ರೂಪುಗೊಳ್ಳಲಿಲ್ಲ.

ಮರುನೋಟ

ಇಂದಿನ ವೀಕ್ಷಕನಿಗೆ 'ಇಂದ್ರಧನುಷ್' ಕಾಲದ ತಾಂತ್ರಿಕ ತಂತ್ರಗಳು ಸರಳವೆನಿಸಬಹುದು. ಅದರ ಮೌಲ್ಯವಿರುವುದು ಬೇರೆಡೆ: ಇತಿಹಾಸವೆಂದರೆ ಇಸವಿಗಳ ಪಟ್ಟಿಯಲ್ಲ, ಮುಂದೇನಾಗುವುದೆಂದು ತಿಳಿಯದೆಯೇ ನಿರ್ಧಾರ ಕೈಗೊಂಡ ಮನುಷ್ಯರ ಬದುಕು ಎಂಬುದನ್ನು ಕಾಲಯಾನದ ಕಥೆ ಮಗುವಿಗೆ ಮನಗಾಣಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಾಗ, 1943ರಲ್ಲಿ ಮೈಲಾರ ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಹುತಾತ್ಮರಾದಾಗ, 1947ರ ಫಲಿತಾಂಶ ಯಾರಿಗೂ ತಿಳಿದಿರಲಿಲ್ಲ.

ಈ ಬಗೆಯ ಕಥನ 1991ರಲ್ಲಿ ಹಿರಿತೆರೆಗೂ ಬಂದಿತು. ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗು ಚಿತ್ರ 'ಆದಿತ್ಯ 369'ರಲ್ಲಿ ಕಾಲಯಂತ್ರವು ನಾಯಕನನ್ನು ವಿಜಯನಗರದ ಕೃಷ್ಣದೇವರಾಯನ ಕಾಲಕ್ಕೆ ಕರೆದೊಯ್ಯುತ್ತದೆ. 1656ರ ಹೊತ್ತಿಗೆ ರೂಪುಗೊಂಡ ಗೋಳಗುಮ್ಮಟವನ್ನು ದಿನವೂ ಕಾಣುವ ವಿಜಯಪುರದ ಮಕ್ಕಳಿಗೆ ಅಂಥ ಯಾನವನ್ನು ತಮ್ಮ ಊರಿನಿಂದಲೇ, ತಮ್ಮ ಮಾತಿನಲ್ಲಿಯೇ ಆರಂಭಿಸುವ ಧಾರಾವಾಹಿಯೊಂದಕ್ಕೆ ಕಥಾಸಾಮಗ್ರಿ ಇಂದಿಗೂ ಹೇರಳವಾಗಿದೆ.